ಮುದೀರರ ಅಮ್ಮನ ಗೋಲಿ

ಗಾಜಿನ ಗೋಲಿಗಳ ವಿಷಯದಲ್ಲಿ ಕುವೈತಿನ ಇಡೀ ಅಬು ಹಲೀಫಾದಲ್ಲಿ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ. ತಿಳಿದುಕೊಳ್ಳಬೇಕೆಂದು ಹೊರಟವರೂ ಇನ್ನೊಬ್ಬರಿಲ್ಲ ಎಂಬುದು ನನ್ನ ಹೆಂಡತಿ ಶಶಿಕಲಾಳ ಅಭಿಪ್ರಾಯ.

ನಾನು ಒಂದು ಗುತ್ತಿಗೆ ಕಂಪೆನಿಯಲ್ಲಿ ಕಡತ ನೋಡಿಕೊಳ್ಳುವವನು. ಉಳಿದ ಹೊತ್ತು ಹಳೆಯ ಗೋಲಿಗಳ ಸಂಗ್ರಾಹಕ. ಅದರಲ್ಲೂ ಯಂತ್ರದಲ್ಲಿ ತಯಾರಾದ, ಮೈತುಂಬ ಬಣ್ಣದ ಸುಳಿಗಳಿರುವ ಗೋಲಿ ಎಂದರೆ ಪ್ರಾಣ. ಕೈಯಲ್ಲಿ ಮಾಡಿದ ಗೋಲಿಗೆ ಗಾಜಿನ ಸಲಾಕೆಯಿಂದ ಮುರಿದು ತೆಗೆದ ಜಾಗದಲ್ಲಿ ಒರಟು ಕಲೆಯೊಂದು ಉಳಿದಿರುತ್ತದೆ. ಯಂತ್ರದ ಗೋಲಿಗೆ ಅದಿಲ್ಲ. ಕರಗಿದ ಗಾಜನ್ನು ಕತ್ತರಿಸಿದಲ್ಲಿ ಕೂದಲೆಳೆಯಂಥ ಗೆರೆ ಮಾತ್ರ. ಆ ಗೆರೆಯನ್ನೂ ಸುಳಿಯ ತಿರುವನ್ನೂ ನೋಡಿ ಗೋಲಿಯ ಜಾತಕ ಹೇಳಬಹುದು. ನಾನು ಹೇಳುತ್ತಿದ್ದೆ. ಯಾರೂ ಕೇಳದಿದ್ದರೂ ಹೇಳುತ್ತಿದ್ದೆ!

ಹೇಳಿ ಹೇಳಿ ಸುದ್ದಿ ನಮ್ಮ ಮುದೀರರ ಕಿವಿಗೂ ಬಿತ್ತು. ಮುದೀರ್ ಎಂದರೆ ನಮ್ಮ ಮ್ಯಾನೇಜರು. ಕುವೈತಿ, ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಒಂದು ಗುರುವಾರ ಸಂಜೆ ನನ್ನನ್ನು ಕ್ಯಾಬಿನ್‌ಗೆ ಕರೆದು, ಮಖಮಲ್ಲಿನ ಚಿಕ್ಕ ಡಬ್ಬಿಯೊಂದನ್ನು ಮುಂದಿಟ್ಟರು. ಒಳಗೆ ಒಂದೇ ಒಂದು ಗೋಲಿ. ಜೇನಿನ ಬಣ್ಣದ ಗಾಜು, ಅದರಲ್ಲಿ ಹಾಲು ಚೆಲ್ಲಿದಂಥ ಬಿಳಿ ಸುಳಿ.

"ನನ್ನ ತಾಯಿಯದು. ತೀರಿಹೋದ ಅವರ ಅಣ್ಣನ ನೆನಪಿಗೆ ಇಟ್ಟುಕೊಂಡಿದ್ದಾರೆ. ಎಷ್ಟು ಹಳೆಯದು ನೋಡಿ ಹೇಳು. ಭಾನುವಾರ ಬೆಳಿಗ್ಗೆ ವಾಪಸ್ ಬೇಕು. ಅದು ಕೈಯಲ್ಲಿಲ್ಲದಿದ್ದರೆ ಅವರಿಗೆ ಸಮಾಧಾನ ಇಲ್ಲ."

"ನನ್ನ ಜೀವಕ್ಕಿಂತ ಹೆಚ್ಚು ಜೋಪಾನ ಮಾಡುತ್ತೇನೆ ಸರ್" ಎಂದೆ.

ಶುಕ್ರವಾರ ರಜೆ. ಬೆಳಿಗ್ಗೆ ತಿಂಡಿ ಮುಗಿಸಿ, ಭೂತಗನ್ನಡಿ ಹಿಡಿದು ಬಾಲ್ಕನಿಯಲ್ಲಿ ಕುಳಿತೆ. ಗೋಲಿಯ ಮೈಮೇಲೆ ಸಣ್ಣ ಗೀರುಗಳು. ಕತ್ತರಿಸಿದ ಗೆರೆ ಕಾಣಲೊಲ್ಲದು. ಇಂಥಲ್ಲಿ ಗೋಲಿಯನ್ನು ಒದ್ದೆ ಮಾಡಬೇಕು. ಗೀರು ಮಾಯವಾಗಿ ಒಳಗಿನದೆಲ್ಲ ನಿಚ್ಚಳ ಕಾಣುತ್ತದೆ. ಅಡುಗೆಮನೆಯ ನಲ್ಲಿ ಎಂಟು ಹೆಜ್ಜೆ ದೂರವಿತ್ತು. ನಾಲಿಗೆ ಹತ್ತಿರವಿತ್ತು.

ಗೋಲಿಯನ್ನು ಬಾಯಿಗೆ ಹಾಕಿಕೊಂಡೆ. ಅದೇ ಕ್ಷಣಕ್ಕೆ ಫೋನು ಬಡಿದುಕೊಂಡಿತು. ಮುದೀರ್! ಅವರ ಫೋನನ್ನು ಎರಡನೇ ರಿಂಗಿಗೇ ಎತ್ತುವುದು ನನ್ನ ಹತ್ತೊಂಬತ್ತು ವರ್ಷದ ಸೇವಾನಿಷ್ಠೆ.

"ಹಲೋ ಸರ್!" ಎಂದೆ. ಹಲೋ ಹೊರಗೆ ಬಂತು. ಗೋಲಿ ಒಳಗೆ ಹೋಯಿತು.

"ತೀಲ ಹೇಗಿದೆ? ಅಮ್ಮ ಕೇಳ್ತಿದ್ದಾರೆ" ಎಂದರು ಮುದೀರ್. ಗೋಲಿಗೆ ಅವರು ತೀಲ ಎನ್ನುವುದು.

"ಭ... ಭದ್ರವಾಗಿದೆ ಸರ್. ನನ್ನಲ್ಲೇ ಇದೆ."

"ಮೇಜಿನ ಮೇಲೆ ಇಡಬೇಡ. ಉರುಳಿಹೋದೀತು."

"ಮೇಜಿನ ಮೇಲೆ ಇಲ್ಲ ಸರ್."

ಒಂದೂ ಸುಳ್ಳಲ್ಲ! ಫೋನಿಟ್ಟು ಎದೆ ಹಿಡಿದುಕೊಂಡೆ. ಏನೋ ಒಂದು ನಿಧಾನವಾಗಿ, ಗಾಂಭೀರ್ಯದಿಂದ ಕೆಳಗಿಳಿಯುತ್ತಿತ್ತು.

"ಎಂತ ಆಯ್ತು? ಮುಖ ಯಾಕೆ ಹಾಗೆ?" ಎಂದು ಶಶಿಕಲಾ ಓಡಿಬಂದಳು.

"ನುಂಗಿದೆ."

"ಎಂತ, ಮಾತ್ರೆಯಾ?"

"ಗೋಲಿ."

"ಯಾರದ್ದು?"

"ಮುದೀರರ ಅಮ್ಮನದ್ದು."

ಅವಳು ಗೋಡೆಗೆ ಒರಗಿದಳು. ಒಂಬತ್ತನೇ ಕ್ಲಾಸಿನ ಮಗಳು ಅನನ್ಯ ಕೋಣೆಯಿಂದ ತಲೆ ಹೊರಹಾಕಿ, "ಅಪ್ಪಾ, ಯು ಆರ್ ಫಿಫ್ಟಿ ಒನ್!" ಎಂದಳು. ವಯಸ್ಸು ನನಗೆ ಗೊತ್ತಿತ್ತು.

ಕೆಳಗಿನ ಮಹಡಿಯ ಹಮೀದ್ ಉಪ್ಪಿನಂಗಡಿಯವರು, ಇಲ್ಲೇ ಕಿರಾಣಿ ಅಂಗಡಿ ಇಟ್ಟವರು. ಅವರ ಪಿಕಪ್ಪಿನಲ್ಲೇ ಕ್ಲಿನಿಕ್ಕಿಗೆ ಧಾವಿಸಿದೆವು. ದಾರಿಯಲ್ಲಿ ಪ್ರತಿ ಉಬ್ಬಿಗೂ ನಾನು ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ. ಒಳಗೆ ಒಡೆದರೆ? ಕರುಳಲ್ಲಿ ಸಿಕ್ಕಿಕೊಂಡರೆ? ಕೊಯ್ದು ತೆಗೆಯಬೇಕಾದರೆ? ಹಮೀದ್ ಕೌಂಟರಿನಲ್ಲಿ, "ಗೋಲಿ ನುಂಗಿದ ಕೇಸು" ಎಂದು ಹಿಂದಿಯಲ್ಲಿ ವಿವರಿಸಿದರು.

ಕೌಂಟರಿನ ಹೆಂಗಸು ಗಾಬರಿಯಾಗಿ ಎದ್ದು ನಿಂತಳು. "ಬಚ್ಚಾ ಕಿಧರ್ ಹೈ?"

ಹಮೀದ್ ನನ್ನತ್ತ ಬೆರಳು ತೋರಿಸಿದರು.

ಎಕ್ಸ್‌ರೇ ತೆಗೆದರು. ನನ್ನ ಪಕ್ಕೆಲುಬುಗಳ ಕೆಳಗೆ ಹುಣ್ಣಿಮೆಯ ಚಂದ್ರನಂತೆ ದುಂಡಗೆ ಬೆಳ್ಳಗೆ ಕೂತಿತ್ತು ಗೋಲಿ. ನಾನು ಅಭ್ಯಾಸಬಲದಿಂದ ಬಗ್ಗಿ, ಗೆರೆ ಕಾಣುತ್ತದೆಯೇ ಎಂದು ನೋಡಿದೆ. ಡಾಕ್ಟರು ಚಿತ್ರವನ್ನು ಮೆಲ್ಲಗೆ ಆಚೆ ಸರಿಸಿದರು.

"ತಾನಾಗಿ ಹೊರಬರುತ್ತದೆ. ಚೆನ್ನಾಗಿ ಊಟ ಮಾಡಿ, ನಡೆಯಿರಿ. ನೋವು, ವಾಂತಿ ಬಂದರೆ ಕೂಡಲೇ ಬನ್ನಿ."

"ಭಾನುವಾರದೊಳಗೆ ಬರಬಹುದಾ ಡಾಕ್ಟ್ರೇ?"

"ಭಾನುವಾರ ಯಾವತ್ತು ಅಂತ ಅದಕ್ಕೆ ಗೊತ್ತಿಲ್ಲ."

ಶನಿವಾರ ನಾನು ನಡೆದೆ. ಸಮುದ್ರದ ದಂಡೆಯುದ್ದಕ್ಕೂ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಹಮೀದ್ ಅಂಗಡಿಯಿಂದ ಒಂದಿಡೀ ಚಿಪ್ಪು ಬಾಳೆಹಣ್ಣು ತಂದು, "ತಿನ್ನಿ ಮಾರಾಯ್ರೆ, ಮಾನ ಉಳಿಯಬೇಕಾದ್ರೆ ಇದೇ ದಾರಿ" ಎಂದು ಎದುರೇ ಕುಳಿತು ತಿನ್ನಿಸಿದರು. ಶಶಿಕಲಾ ಒಂದು ಹೊಸ ಜಾಲರಿ ಸೌಟು ಕೈಗಿಟ್ಟು, "ಇದು ಅಡುಗೆಮನೆಗೆ ವಾಪಸ್ ಬರ್ಲಿಕ್ಕಿಲ್ಲ" ಎಂದು ಕಟ್ಟಪ್ಪಣೆ ಮಾಡಿದಳು. ಬಚ್ಚಲಿನಿಂದ ನಾನು ಹೊರಬಂದಾಗಲೆಲ್ಲ ಮೂವರೂ ನನ್ನ ಮುಖ ನೋಡುತ್ತಿದ್ದರು. ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ.

ಭಾನುವಾರ ಬೆಳಗಾಯಿತು. ಗೋಲಿ ಬರಲಿಲ್ಲ. ಆಗ ನನಗೆ ಅಪಾರ ಬುದ್ಧಿವಂತಿಕೆ ಬಂತು. ನನ್ನ ಸಂಗ್ರಹದಲ್ಲೇ ಜೇನುಬಣ್ಣದ, ಬಿಳಿ ಸುಳಿಯ, ಅದೇ ಗಾತ್ರದ ಗೋಲಿಯೊಂದಿತ್ತು. ಅದನ್ನು ಮಖಮಲ್ಲಿನ ಡಬ್ಬಿಗೆ ಹಾಕಿದೆ.

"ಬೇಡ. ನಿಜ ಹೇಳಿಬಿಡಿ" ಎಂದಳು ಶಶಿಕಲಾ.

"ನನ್ನಂಥ ಪರಿಣತನಿಗೇ ವ್ಯತ್ಯಾಸ ಗೊತ್ತಾಗ್ತಾ ಇಲ್ಲ. ಆ ಮುದುಕಿಗೆ ಎಲ್ಲಿಂದ ಗೊತ್ತಾಗ್ತದೆ?"

ಆಫೀಸಿಗೆ ಹೋದರೆ ಆ ಮುದುಕಿಯೇ ಮುದೀರರ ಕ್ಯಾಬಿನ್ನಿನಲ್ಲಿ ಕುಳಿತಿದ್ದಾರೆ! ಕಪ್ಪು ಅಬಾಯ, ಮಡಿಲಲ್ಲಿ ಕೈಚೀಲ. ಮನೆಯಲ್ಲಿ ಕಾಯಲು ತಾಳ್ಮೆಯಿಲ್ಲದೆ ಬಂದುಬಿಟ್ಟಿದ್ದರಂತೆ. ಮೇಜಿನ ಮೇಲೆ ನನ್ನ ಇಕಾಮಾ ಎಂಬ ವಾಸದ ಪರವಾನಗಿಯ ನವೀಕರಣದ ಅರ್ಜಿ, ಮುದೀರರ ಸಹಿಗೆ ಬಾಯಿ ತೆರೆದು ಬಿದ್ದಿತ್ತು. ಆ ಸಹಿ ಬೀಳದಿದ್ದರೆ ಈ ದೇಶದಲ್ಲಿ ನನ್ನ ಕಥೆ ಖಲಾಸ್.

ಅಜ್ಜಿ ಗೋಲಿಯನ್ನು ನೋಡಲೇ ಇಲ್ಲ. ಕಣ್ಣು ಮುಚ್ಚಿ, ಎರಡು ಬೆರಳ ನಡುವೆ ಒಮ್ಮೆ ಹೊರಳಿಸಿದರು.

"ಲಾ" ಎಂದರು.

"ಇದು ನನ್ನದಲ್ಲ ಅಂತಿದ್ದಾರೆ." ಮುದೀರರ ದನಿ ತಣ್ಣಗಿತ್ತು. "ಅಮ್ಮನ ತೀಲ ಎಲ್ಲಿ?"

ನಾನು ಹೊಟ್ಟೆಯನ್ನು ತೋರಿಸಿದೆ.

"ಜೇಬಿನಲ್ಲಾ?"

"ಇನ್ನೂ ಸ್ವಲ್ಪ ಒಳಗೆ ಸರ್. ನುಂಗಿದೆ."

ಮುದೀರ್ ನನ್ನನ್ನೇ ನೋಡಿದರು. ಕೊನೆಗೆ ಅವರು ತಾಯಿಗೆ ಅರಬಿಯಲ್ಲಿ ಹೇಳಲು ಹೊರಟು, ಎರಡು ಸಲ ತಡವರಿಸಿ, ಕೈಸನ್ನೆ ಮಾಡಿ ತೋರಿಸಿದರು. ಅಜ್ಜಿ ಮುಖಕ್ಕೆ ಅಬಾಯದ ಸೆರಗು ಮುಚ್ಚಿಕೊಂಡರು. ಭುಜಗಳು ನಡುಗತೊಡಗಿದವು. ಅಯ್ಯೋ, ಎಂಥ ಪಾಪಿ ನಾನು! ಅಣ್ಣನ ನೆನಪನ್ನೇ ತಿಂದುಬಿಟ್ಟೆನಲ್ಲ!

ಸೆರಗು ಸರಿಯಿತು. ಅಜ್ಜಿ ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ನಡುನಡುವೆ ಏನೋ ಹೇಳಿದರು. ಮುದೀರರೂ ಮೊದಲ ಸಲ ಕೇಳುತ್ತಿದ್ದಿರಬೇಕು, ತಡೆತಡೆದು ನನಗೆ ಹೇಳಿದರು.

"ಮಾಮನೂ ಇದನ್ನೇ ನುಂಗಿದ್ದನಂತೆ. ಆಟದಲ್ಲಿ ಸೋತು, ಗೆದ್ದವನಿಗೆ ಕೊಡಬಾರದು ಅಂತ. ಆಗ ಅವನಿಗೆ ಆರು ವರ್ಷ." ಸ್ವಲ್ಪ ತಡೆದು, "ನಿನಗೆಷ್ಟು ಅಂತ ಕೇಳ್ತಿದ್ದಾರೆ" ಎಂದರು.

ಹೇಳಿದೆ. ಅಜ್ಜಿ ಮತ್ತೆ ಸೆರಗು ಮುಚ್ಚಿಕೊಂಡರು.

ಆಮೇಲೆ ಕೈಚೀಲದಿಂದ ಖರ್ಜೂರದ ಪೊಟ್ಟಣ ತೆಗೆದು, ಒಂದೊಂದಾಗಿ ಏಳು ಖರ್ಜೂರ ನನ್ನ ಕೈಗಿಟ್ಟು, ಎದುರೇ ತಿನ್ನಿಸಿದರು. ಅಣ್ಣನಿಗೂ ಮನೆಯವರು ಇದೇ ಮದ್ದು ಮಾಡಿದ್ದರಂತೆ. "ಯಲ್ಲಾ, ಯಲ್ಲಾ" ಎಂದು ಹುರಿದುಂಬಿಸಿದ್ದು ನನ್ನನ್ನೋ ಗೋಲಿಯನ್ನೋ, ತಿಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಗೋಲಿ ಬಂತು. ವಿವರ ಬೇಡ. ನಾನು ಬಚ್ಚಲಿನೊಳಗಿಂದಲೇ ಕೂಗಿದೆ. ಶಶಿಕಲಾ ದೇವರಿಗೆ ಕೈಮುಗಿದಳು, ಅನನ್ಯ ಚಪ್ಪಾಳೆ ತಟ್ಟಿದಳು. ಸಾಬೂನು, ಉಪ್ಪು, ಡೆಟಾಲು, ಮತ್ತೆ ಸಾಬೂನು. ನಾಲ್ಕು ಸಲ ತೊಳೆದು, ಹತ್ತಿಯಲ್ಲಿ ಸುತ್ತಿ, ಮಂಗಳವಾರ ಮತ್ತೆ ಆಫೀಸಿಗೆ ಬಂದ ಅಜ್ಜಿಗೆ ಒಪ್ಪಿಸಿದೆ.

ಅಜ್ಜಿ ಕಣ್ಣು ಮುಚ್ಚಿ ಹೊರಳಿಸಿ ನೋಡಿದರು. ಮುಖ ಅರಳಿತು. ಗೋಲಿಯನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡರು. ಮುದೀರ್ ನನ್ನ ಅರ್ಜಿಗೆ ಸಹಿ ಹಾಕಿದರು. ನನ್ನ ಜೀವ ಮರಳಿ ಬಂತು.

ಅಜ್ಜಿ ಗೋಲಿಯನ್ನು ಮೇಜಿನ ಮೇಲೆ ನನ್ನ ಮುಂದಿಟ್ಟು, ಇದು ಹಳೆಯದೆಂದು ಹೇಗೆ ಗುರುತಿಸುತ್ತೀ ಎಂದು ಮಗನ ಮೂಲಕ ಕೇಳಿಸಿದರು.

ಹನ್ನೆರಡು ವರ್ಷಗಳ ನನ್ನ ಸಂಗ್ರಾಹಕ ಜೀವನದಲ್ಲಿ ತಾವಾಗಿ ಈ ಪ್ರಶ್ನೆ ಕೇಳಿದ ಮೊದಲಿಗರು ಅವರು! ನಾನು ಕುರ್ಚಿಯನ್ನು ಮುಂದಕ್ಕೆಳೆದುಕೊಂಡೆ. ಗೋಲಿಯ ಮೇಲೆ ಬಗ್ಗಿದೆ. ಗಂಟಲು ಸರಿಪಡಿಸಿಕೊಂಡು, ಬಾಯಿ ತೆರೆದೆ.

ಮುದೀರ್ ಥಟ್ಟನೆ ಗೋಲಿಯನ್ನೆತ್ತಿ ಜೇಬಿಗೆ ಹಾಕಿಕೊಂಡರು.