ಅತ್ತೆಯ ಮೊಬೈಲ್ ತಾಳ

ನನ್ನ ಫೋನಿನ ಗಾಜಿನ ಕೆಳಗಿನ ಅರ್ಧಕ್ಕೆ ಮಾತ್ರ ಅರಿಶಿನ ಹಿಡಿದಿದೆ. ಮೇಲಿನ ಅರ್ಧ ಸ್ವಚ್ಛ. ಕೆಳಗೆ, ಎಷ್ಟು ಒರೆಸಿದರೂ ಹೋಗದ ತೆಳು ಹಳದಿ; ಅದರ ನಡುವೆ ಸಾಲಾಗಿ ಬೆರಳ ಗುರುತುಗಳು.

ಬೆರಳುಗಳು ನಮ್ಮ ಅತ್ತೆಯವು. ಅತ್ತೆ ಎಂದರೆ ಅಪ್ಪನ ಅಕ್ಕ. ಕ್ಯಾಲನೂರಿನಲ್ಲಿ ಎರಡು ಸೀಮೆಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವರು. ಕೋಲಾರದ ಕಾಲೇಜಿನಲ್ಲಿ ಪಾಠ ಹೇಳುವ ನಾನು ಅವರ ಮನೆಯಲ್ಲೇ ಇದ್ದೇನೆ. ಮೊಬೈಲಿಗೆ ತಾಳಜ್ಞಾನವಿಲ್ಲವೆಂದು ಬೈದು, ಅದನ್ನು ತಿದ್ದಿ ಸರಿದಾರಿಗೆ ತರಲು ಹೊರಟ ಇನ್ನೊಬ್ಬ ಹೆಂಗಸು ನಮ್ಮ ಜಿಲ್ಲೆಯಲ್ಲಿದ್ದರೆ ದಯವಿಟ್ಟು ತಿಳಿಸಿ. ಇಬ್ಬರಿಗೂ ಪರಿಚಯ ಮಾಡಿಸಿ ನಾನು ದೂರ ನಿಲ್ಲುತ್ತೇನೆ!

ಎಲ್ಲಕ್ಕೂ ಕಾರಣ ಕೊಟ್ಟಿಗೆ. ಅಲ್ಲಿ ಜಾರಿ ಬಿದ್ದು ಅತ್ತೆ ಬಲಗೈ ಮಣಿಕಟ್ಟು ಮುರಿದುಕೊಂಡರು. ಮೂಳೆ ಕೂಡಿತು, ಬೆರಳುಗಳು ಮಾತ್ರ ಬಿಗಿದುಕೊಂಡವು. ಹಾಲನ್ನು ಹೇಗೋ ಎಡಗೈಯಲ್ಲಿ ಕರೆಯಬಹುದು. ಶನಿವಾರದ ಭಜನೆಯಲ್ಲಿ ತಾಳ ಹಾಕುವುದು ಹೇಗೆ? ಮದುವೆಯಾಗಿ ಆ ಊರಿಗೆ ಬಂದಾಗಿನಿಂದ ಭಜನೆಮನೆಯ ಕಂಚಿನ ತಾಳದ ಜೋಡಿ ಅತ್ತೆಯದೇ. ಈಗ ಬಲಗೈ ಒಂದು ಗಳಿಗೆ ತಡವಾಗಿ ಬೀಳುತ್ತಿತ್ತು. ಹಾರ್ಮೋನಿಯಂ ಮೇಷ್ಟ್ರು ಮೆಲ್ಲಗೆ ಹೇಳಿದರು: “ಅಕ್ಕಾ, ಕೈ ಸರಿಹೋಗೋವರ್ಗೂ ಸರೋಜಮ್ಮ ಹಾಕ್ಲಿ ಬಿಡಿ.”

ಸರೋಜಮ್ಮ ಎಂದರೆ ಎದುರುಮನೆಯವರು. ಅಂದು ಅತ್ತೆ ಮುದ್ದೆ ಮುಟ್ಟಲಿಲ್ಲ.

ಆಸ್ಪತ್ರೆಯವರು ಹಿಸುಕಲೆಂದು ಒಂದು ಮೆತ್ತನೆಯ ಚೆಂಡು ಕೊಟ್ಟಿದ್ದರು. “ನಾನೇನು ಕೂಸಾ, ಚೆಂಡಾಡೋಕೆ?” ಎಂದು ಅತ್ತೆ ಅದನ್ನು ಕರುವಿನ ಮುಂದೆ ಎಸೆದರು. ಕರುವಿನ ದವಡೆ ಗಟ್ಟಿಯಾಯಿತು!

ಆಗ ನನಗೆ ಹೊಳೆದದ್ದು ಫೋನಿನ ಆಟ. ಹಾಡು ನಡೆಯುತ್ತಿರುವಾಗ ಮೇಲಿನಿಂದ ಕಪ್ಪು ಪಟ್ಟಿಗಳು ಇಳಿದು ಬರುತ್ತವೆ. ಹಾಡಿನ ಒಂದೊಂದು ಪೆಟ್ಟಿಗೂ ಸರಿಯಾಗಿ ಅವನ್ನು ಬೆರಳಿನಿಂದ ಮುಟ್ಟಬೇಕು. ಒಂದು ತಪ್ಪಿದರೂ ಹಾಡು ಅಲ್ಲೇ ನಿಂತುಬಿಡುತ್ತದೆ. ನನ್ನ ಫೋನನ್ನು ನಾನು ಯಾರಿಗೂ ಕೊಡುವವಳಲ್ಲ. ಅತ್ತೆಗೆ ಕೊಟ್ಟೆ. ಈಗ ಅದರ ಬೀಗ ತೆಗೆಯುವುದು ಹೇಗೆಂದು ಡೇರಿಯ ಸಾಲಿನಲ್ಲಿ ನಿಲ್ಲುವವರಿಗೆಲ್ಲ ಗೊತ್ತು.

ತಾಳವನ್ನು ಕೈಗೆತ್ತಿಕೊಂಡರೆ ಮೊದಲು ಕಣ್ಣಿಗೊತ್ತಿಕೊಳ್ಳುವುದು ಭಜನೆಯವರ ಪದ್ಧತಿ. ಅತ್ತೆ ಫೋನನ್ನೂ ಕಣ್ಣಿಗೊತ್ತಿಕೊಂಡರು. ಅದೋ, ಮುಟ್ಟಿದರೆ ಸಾಕು ಹೊರಡುವ ಆಟ! ಕಣ್ಣಿಗೆ ತಗುಲಿದ್ದೇ ಶುರುವಾಗಿ, ಅವರು ಕೆಳಗಿಳಿಸುವಷ್ಟರಲ್ಲಿ ಸೋತೂ ಆಗಿರುತ್ತಿತ್ತು.

“ಅತ್ತೆ, ಮೊದ್ಲು ಆಡಿ, ಆಮೇಲೆ ಕಣ್ಣಿಗೊತ್ತಿಕೊಳ್ಳಿ.”

“ಉಂಡಾದ್ಮೇಲೆ ಎಲೆ ಹಾಕ್ತಾರೇನೇ? ಮೊದಲ್ನೇ ಆಟ ದೇವ್ರಿಗೆ ಅಂತ ಇರ್ಲಿ ಬಿಡು.”

ಹೀಗೆ ದಿನವೂ ದೇವರು ಮೊದಲು ಸೋಲುತ್ತಾನೆ. ಆಮೇಲೆ ಅತ್ತೆ.

ಆದರೆ ಸೋತರೆ ಒಪ್ಪಿಕೊಳ್ಳಬೇಕಲ್ಲ? “ನೀ ಇಲ್ಲು ಬಂಗಾರಂಗಾನು! ತಾಳ ತಪ್ಪಿದ್ದು ನೀನು, ನಿಲ್ಸೋದು ನನ್ನನ್ನಾ?” ಎಂದು ಫೋನಿಗೆ ತೆಲುಗು ಬೆರೆಸಿದ ಮಂಗಳಾರತಿ. ನಿನ್ನ ಮನೆ ಚಿನ್ನವಾಗಲಿ ಎಂದು ಆ ತೆಲುಗಿನ ಅರ್ಥ. ನಮ್ಮ ಕಡೆ ಬೈಗುಳವೂ ಇಷ್ಟು ಶ್ರೀಮಂತ! ಇನ್ನೊಂದು ತೊಂದರೆ: ಭಜನೆಯಲ್ಲಿ ಹಾಡನ್ನು ಅರ್ಧಕ್ಕೆ ಬಿಡುವಂತಿಲ್ಲ, ಕೊನೆಗೆ ಮಂಗಳ ಹಾಡಲೇಬೇಕು. ಆಟ ಅರ್ಧಕ್ಕೆ ನಿಲ್ಲಿಸಿದ ಹಾಡನ್ನು ಯಾರು ಮುಗಿಸಬೇಕು? ಅತ್ತೆಯೇ. ಯಾವ ದೇಶದವರು ಯಾರ ಮದುವೆಗೆ ಬಾರಿಸಿದ್ದೋ ಆ ಪಿಯಾನೋ, ಅತ್ತೆ ಮಾತ್ರ “ತಾನಾನ” ಎಂದು ಅದನ್ನು ದಡ ಮುಟ್ಟಿಸಿ, ಮೇಲೊಂದು “ಜಯ ಮಂಗಳಂ” ಸೇರಿಸಿಯೇ ಮುಂದಿನ ಆಟಕ್ಕೆ ಕೈ ಹಾಕುತ್ತಿದ್ದರು.

ಸರೋಜಮ್ಮ ಒಂದು ದಿನ ಬಾಗಿಲಿಗೇ ಬಂದರು. “ಏನಕ್ಕಾ, ಹೊತ್ತಿಗೊಂದು ಮಂಗಳ ಹಾಡ್ತೀಯ, ಪ್ರಸಾದ ಮಾತ್ರ ಕಾಣೆ!”

“ನನ್ ಕೈ ನೆಟ್ಟಗಾಗ್ಲಿ ಕಣೇ, ಮೊದ್ಲು ನಿಂಗೇ ಕೊಡ್ತೀನಿ.”

“ಅಷ್ಟರ್ಗೂ ತಾಳ ನನ್ನ ಹತ್ರ ಭದ್ರವಾಗೈತೆ ಬಿಡು.”

ಆ ಬಾಗಿಲು ಎಷ್ಟು ಜೋರಾಗಿ ಮುಚ್ಚಿಕೊಂಡಿತೆಂದರೆ, ಹಸು ಎದ್ದು ನಿಂತಿತು!

ಇನ್ನು ನಮ್ಮ ಪ್ರಾಂಶುಪಾಲರ ಕಥೆ. ಪಾಪ, ಯಾವುದೋ ಸಭೆಯ ವಿಷಯ ಹೇಳಲು ಅವರು ಕರೆ ಮಾಡಿದಾಗ ಅತ್ತೆ ಹಾಡಿನ ಕೊನೆಯ ಭಾಗದಲ್ಲಿದ್ದರು. ಪರದೆಯ ಮೇಲೆ ಬಂದದ್ದೆಲ್ಲವನ್ನೂ ಮುಟ್ಟುವುದೇ ಆಟವಲ್ಲವೇ? ಕರೆಯನ್ನೂ ಮುಟ್ಟಿದರು. ನಾನು ಓಡಿ ಬರುವಷ್ಟರಲ್ಲಿ, “ಥೂ, ಇನ್ನೇನು ಮುಗೀತಿತ್ತು, ಕೆಡಿಸ್ಬಿಟ್ಯಲ್ಲೋ!” ಎಂಬ ಮಾತು ಕೋಲಾರ ತಲುಪಿಯಾಗಿತ್ತು. ಮರುದಿನ ಪ್ರಾಂಶುಪಾಲರು ಬಹಳ ವಿನಯದಿಂದ, “ಮನೇಲಿ ಸಂಗೀತಪಾಠ ನಡೆಯುತ್ತಾ?” ಎಂದರು. ನಡೆಯುತ್ತದೆ ಎಂದೆ. ಸುಳ್ಳೇನಲ್ಲವಲ್ಲ!

ಹೀಗಿರುವಾಗ ಒಂದು ಸಂಜೆ ಅತ್ತೆ ಒಂದಿಡೀ ಹಾಡನ್ನು ತಪ್ಪಿಲ್ಲದೆ ಮುಗಿಸಿದರು. ಪರದೆಯ ತುಂಬ ನಕ್ಷತ್ರ ಸುರಿದವು. ಅವರು ಅದನ್ನು ನೋಡಲೂ ಇಲ್ಲ. ನೇರ ಎದುರುಮನೆಗೆ ಹೋಗಿ, “ಸರೋಜಾ, ಈ ಶನಿವಾರ ತಾಳ ನಂದು,” ಎಂದು ಹೇಳಿ ಬಂದರು.

ಶನಿವಾರ ನಾನೂ ಹೋದೆ. ಹೊಸ್ತಿಲ ಪಕ್ಕ, ಯಾರೂ ಹಾಡೆಂದು ಕೇಳದಿರುವ ಜಾಗದಲ್ಲಿ ಕೂತೆ. ಸರೋಜಮ್ಮ ತಾಳ ತಂದು ಅತ್ತೆಯ ಮಡಿಲಲ್ಲಿಟ್ಟರು. ಮೊದಲ ಹಾಡು ಚೆನ್ನಾಗಿಯೇ ಹೋಯಿತು. ಎರಡನೆಯದು ಓಡುವ ಹಾಡು. ಅದರ ನಡುವೆ ಅತ್ತೆಯ ಮಣಿಕಟ್ಟು ಸೋಲತೊಡಗಿದ್ದು ನನಗೆ ಹಿಂದಿನಿಂದಲೇ ಕಂಡಿತು. ಪೆಟ್ಟು ತಡವಾಯಿತು, ಮುಂದಿನದು ಇನ್ನೂ ತಡ. ಆ ತಡ ನನಗೆ ಚೆನ್ನಾಗಿ ಗೊತ್ತು. ಇನ್ನೇನು ಎಲ್ಲ ನಿಲ್ಲುತ್ತದೆ ಎಂದು ನಾನು ಸೆರಗಿನ ತುದಿ ಬಿಗಿಯಾಗಿ ಹಿಡಿದುಕೊಂಡೆ.

ನಿಲ್ಲಲಿಲ್ಲ. ಸರೋಜಮ್ಮನ ದನಿ ತಡೆದು, ತಾಳ ಬೀಳುವುದನ್ನು ಕಾದು, ಮುಂದಿನ ಮಾತಿಗೆ ಹೋಯಿತು. ಹಾರ್ಮೋನಿಯಂ ನಿಧಾನವಾಯಿತು. ಡೋಲಕ್ ಕೂಡ. ಸದಾ ಓಡುತ್ತಿದ್ದ ಹಾಡು ಅಂದು ಅತ್ತೆಯ ಕೈ ಹಿಡಿದುಕೊಂಡು ನಡೆಯಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮನೆಗೆ ಬರುವಾಗ ಅತ್ತೆ ಜೋರಾಗಿ ಹೇಳಿದರು: “ನಾನಿಲ್ದೆ ಇವ್ರಿಗೆಲ್ಲ ಅಭ್ಯಾಸ ತಪ್ಪೋಗೈತೆ ಕಣೇ. ಎಷ್ಟು ನಿಧಾನ!”

“ಹೌದತ್ತೆ,” ಎಂದೆ.

ನಮ್ಮ ಬೀದಿಯ ತಿರುವಿನಲ್ಲಿ ಅತ್ತೆ ನಿಂತರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ನನಗೋ ತಮಗೋ ತಿಳಿಯದಷ್ಟು ಮೆಲ್ಲಗೆ, “ಸರೋಜನೂ ಕಾದ್ಲು,” ಎಂದರು.

ಮರುದಿನ ಬೆಳಿಗ್ಗೆ ಅತ್ತೆ ಡೇರಿಗೆ ಹೋಗಿದ್ದಾಗ, ನಾನು ಆಟದ ಸೆಟ್ಟಿಂಗ್ಸ್ ತೆರೆದು, ಪಟ್ಟಿಗಳು ಇಳಿಯುವ ವೇಗವನ್ನು ಒಂದಿಷ್ಟು ಕಡಿಮೆ ಮಾಡಿಟ್ಟೆ.