ಊದಿದ ಕೆನ್ನೆಯ ಹಾಜರಿ

ಅಳತೆ ಮತ್ತು ತೂಕ ಪರಿಶೀಲನಾ ಕಚೇರಿಯಲ್ಲಿ ಕೆಲಸ ಮಾಡುವವರು ಅವರವರೇ ಹೌದೋ ಅಲ್ಲವೋ ಎಂಬುದನ್ನು ಇನ್ನು ಮುಂದೆ ಯಂತ್ರವೇ ತೀರ್ಮಾನಿಸತಕ್ಕದ್ದೆಂದು ಆದೇಶವಾಯಿತು. ಅದುವರೆಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಯಾರೂ ಕೇಳದ ಪ್ರಶ್ನೆಗೆ ಉತ್ತರವನ್ನು ಸಿದ್ಧವಾಗಿಟ್ಟುಕೊಳ್ಳುವುದು ಒಳ್ಳೆಯ ಆಡಳಿತದ ಲಕ್ಷಣವೆಂದು ಆದೇಶದಲ್ಲೇ ವಿವರಿಸಲಾಗಿತ್ತು.

ಯಂತ್ರ ಬಂತು. ಊಟದ ತಟ್ಟೆಯಷ್ಟು ಅಗಲದ ಕಪ್ಪು ಗಾಜು, ಅದರ ನೆತ್ತಿಯಲ್ಲೊಂದು ಪುಟ್ಟ ಕಣ್ಣು. ಮುಂಬಾಗಿಲ ಪಕ್ಕದ ಗೋಡೆಗೆ ಅದನ್ನು ಬಡಿದರು. ಅದರ ಮುಂದೆ ಮುಖ ಹಿಡಿದರೆ ಹೆಸರು ಹೇಳಿ ಸ್ವಾಗತಿಸಿ ಬಾಗಿಲು ತೆರೆಯುತ್ತದೆ, ಹಾಜರಿಯನ್ನೂ ತಾನೇ ಹಾಕಿಕೊಳ್ಳುತ್ತದೆ. ಯಂತ್ರದ ಜೊತೆಗೆ ಪುಕ್ಕಟೆಯಾಗಿ ಬಂದ ಪರದೆಯೊಂದನ್ನು ಮೆಟ್ಟಿಲ ಬಳಿ ತೂಗುಹಾಕಿದರು. ಅದರ ಮೇಲೆ ದಿನವೂ ಸಿಬ್ಬಂದಿಯ ತಿಳಿವಳಿಕೆಗಾಗಿ ಒಂದು ಸಲಹೆ ಮೂಡುತ್ತಿತ್ತು. ಮೊದಲ ದಿನದ ಸಲಹೆ ಹೀಗಿತ್ತು: "ಯಂತ್ರವನ್ನು ಕಂಡು ಹೆದರಬೇಡಿ. ಹೆದರಿದರೆ ಹೆದರಿದ ಮುಖವನ್ನೇ ಅದು ನೆನಪಿಟ್ಟುಕೊಳ್ಳುತ್ತದೆ."

ಈ ಕಚೇರಿಯಲ್ಲಿ ಒಬ್ಬರು ಮುದ್ರೆ ಗುಮಾಸ್ತರಿದ್ದರು. ಅಂಗಡಿಗಳ ತಕ್ಕಡಿಯನ್ನು ಪರೀಕ್ಷಿಸಿ, ಸರಿಯಿದ್ದರೆ ಮುದ್ರೆ ಒತ್ತುವುದು, ಸರಿಯಿಲ್ಲದಿದ್ದರೆ ಒತ್ತದಿರುವುದು ಅವರ ಕೆಲಸ. ಈ ಎರಡನೆಯ ಭಾಗವನ್ನೂ ಅವರು ಮಾಡುತ್ತಿದ್ದರೆಂಬುದೇ ಅವರ ಮೇಲಿದ್ದ ಒಂದೇ ದೂರು. ಮೂಲೆಯ ದಿನಸಿ ಅಂಗಡಿಯ ಯಜಮಾನರು ಪ್ರತಿ ವರ್ಷ ತಮ್ಮ ತಕ್ಕಡಿಯನ್ನು ಹೊತ್ತುಕೊಂಡು ಬರುತ್ತಿದ್ದರು. ಗುಮಾಸ್ತರು ಪ್ರತಿ ವರ್ಷ ಸಾಮಾನಿಡುವ ತಟ್ಟೆಯ ಅಡಿಗೆ ಬೆರಳಾಡಿಸಿ ಒಂದು ಉಂಡೆ ಮೇಣ ಕಿತ್ತು ಮೇಜಿನ ಮೇಲಿಡುತ್ತಿದ್ದರು.

"ಅಯ್ಯಯ್ಯೋ, ಅದು ಎಲ್ಲಿಂದ ಬಂತೋ ಸ್ವಾಮಿ!" ಎಂದು ದಿನಸಿಯವರು ಬೆರಗಾಗುತ್ತಿದ್ದರು. ಪ್ರತಿ ವರ್ಷವೂ ನಿಜವಾಗಿಯೇ ಬೆರಗಾಗುತ್ತಿದ್ದರು.

ಮುದ್ರೆ ಗುಮಾಸ್ತರಿಗೆ ಆ ಮುದ್ರೆಯೆಂದರೆ ಜೀವ. ಬಡ್ತಿ ಕೇಳಿದವರಲ್ಲ, ವರ್ಗಾವಣೆ ಬೇಡಿದವರಲ್ಲ. ನನ್ನ ಕೈಯಿಂದ ಸುಳ್ಳು ತಕ್ಕಡಿಗೆ ಮುದ್ರೆ ಬಿದ್ದಿಲ್ಲ ಎಂದು ಹೆಂಡತಿಯ ಮುಂದೆ ಆಗಾಗ ಎದೆಯುಬ್ಬಿಸುವುದೊಂದೇ ಅವರ ಐಷಾರಾಮ.

ಎಲ್ಲರ ಮುಖವನ್ನೂ ಯಂತ್ರಕ್ಕೆ ಪರಿಚಯಿಸುವ ದಿನ ಬಂದಾಗ ಗುಮಾಸ್ತರ ಎಡಗೆನ್ನೆ ಬನ್ನಿನಂತೆ ಊದಿಕೊಂಡಿತ್ತು. ಒಳಗೆ ದವಡೆ ಹಲ್ಲು ಹುಳುಕು ಹಿಡಿದು ಕೂತಿತ್ತು. "ಸರ್, ಫೋಟೋ ಇನ್ನೊಂದು ದಿನ ತೆಗೆಸ್ಕೋತೀನಿ," ಎಂದು ಅವರು ಸಾಹೇಬರನ್ನು ಬೇಡಿಕೊಂಡರು.

"ಇವತ್ತು ಮುಖ ಕೊಡದೇ ಇದ್ದೋರನ್ನ ಮುಖ ಇಲ್ಲದವರು ಅಂತ ಬರ್ಕೋಬೇಕಾಗತ್ತೆ ಕಣ್ರೀ. ಆಮೇಲೆ ನನ್ನ ಹತ್ರ ಮುಖ ಊದಿಸ್ಕೊಂಡು ಬರಬೇಡಿ," ಎಂದರು ಸಾಹೇಬರು. ಅದು ಆಗಲೇ ಊದಿಕೊಂಡಿದ್ದುದರಿಂದ ಗುಮಾಸ್ತರು ಹೋಗಿ ಯಂತ್ರದ ಮುಂದೆ ನಿಂತರು. ಯಂತ್ರದ ತಂತ್ರಜ್ಞ ಗುಂಡಿ ಒತ್ತಿದ. ಊದಿದ ಮುಖ ಯಂತ್ರದ ಹೊಟ್ಟೆ ಸೇರಿತು.

ವಾರದಲ್ಲಿ ಮಾತ್ರೆಗಳ ಪ್ರಭಾವದಿಂದ ಊತ ಇಳಿಯಿತು. ಗುಮಾಸ್ತರು ಖುಷಿಯಾಗಿ ಕಚೇರಿಗೆ ಬಂದು ಯಂತ್ರದ ಮುಂದೆ ನಿಂತರು. "ಅಪರಿಚಿತ ವ್ಯಕ್ತಿ. ದಯವಿಟ್ಟು ಪಕ್ಕಕ್ಕೆ ಸರಿಯಿರಿ," ಎಂದಿತು ಯಂತ್ರ, ಬಹಳ ಮರ್ಯಾದೆಯಿಂದ.

ಮೆಟ್ಟಿಲ ಬಳಿಯ ಪರದೆಯಲ್ಲಿ ಆ ದಿನದ ಸಲಹೆ ಇತ್ತು: "ಯಂತ್ರ ನಿಮ್ಮನ್ನು ಗುರುತಿಸದಿದ್ದರೆ ಒಣ ಬಟ್ಟೆಯಿಂದ ನಿಮ್ಮನ್ನು ಒರೆಸಿಕೊಳ್ಳಿ. ಆಗಲೂ ಗುರುತಿಸದಿದ್ದರೆ ಮನೆಗೆ ಹೋಗಿ ಮಲಗಿ, ಎದ್ದು ಮತ್ತೆ ಬನ್ನಿ." ಗುಮಾಸ್ತರು ಎರಡನ್ನೂ ಮಾಡಿದರು. ಯಂತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

ತಂತ್ರಜ್ಞನನ್ನು ಕರೆಸಲಾಯಿತು. "ಮುಖ ಬದಲಾಯಿಸೋದು ಎರಡು ನಿಮಿಷದ ಕೆಲಸ ಸರ್," ಎಂದ ಅವನು. "ಬದಲಾಯಿಸೋಕೆ ಮುಂಚೆ ಯಂತ್ರ ಹಳೇ ಮುಖದ ಒಪ್ಪಿಗೆ ಕೇಳತ್ತೆ, ಅಷ್ಟೇ."

"ಹಳೇ ಮುಖ ಈಗ ಇಲ್ವಲ್ಲಪ್ಪ!"

"ಸುರಕ್ಷತೆ ಸರ್. ಇಲ್ಲಾಂದ್ರೆ ಯಾರು ಬೇಕಾದ್ರೂ ಬಂದು ನಿಮ್ಮ ಮುಖ ಬದಲಾಯಿಸಿಬಿಡ್ತಾರೆ."

ಗುಮಾಸ್ತರು ಕಿಟಕಿಯ ಹೊರಗೆ ನಿಂತೇ ಸಾಹೇಬರ ಜೊತೆ ಮಾತಾಡಿದರು. ಸಾಹೇಬರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. "ನೀವು ನಮ್ಮ ಮುದ್ರೆ ಗುಮಾಸ್ತರ ಹಾಗೇ ಕಾಣ್ತೀರಿ. ನಾನು ವೈಯಕ್ತಿಕವಾಗಿ ಒಪ್ಕೋತೀನಿ."

"ಹಾಗೇ ಕಾಣೋದೇನು ಸರ್, ನಾನೇ!"

"ಅದನ್ನ ಕಚೇರಿ ಒಪ್ಕೋಬೇಕಲ್ರೀ."

ಮನೆಯಲ್ಲಿ ಹೆಂಡತಿ ಕಥೆ ಕೇಳಿ ತಲೆ ಚಚ್ಚಿಕೊಳ್ಳಲಿಲ್ಲ. "ರೀ, ಊದಿದ್ದು ಎಡಗೆನ್ನೆ ತಾನೇ?" ಎಂದು ಕೇಳಿ, ಡಬ್ಬಿಯಿಂದ ಒಂದಿಷ್ಟು ಹತ್ತಿ ತೆಗೆದು ಉಂಡೆ ಮಾಡಿ ಗಂಡನ ದವಡೆಗೆ ತುರುಕಿದಳು. ಮರುದಿನ ಯಂತ್ರ "ಸುಸ್ವಾಗತ, ಮುದ್ರೆ ಗುಮಾಸ್ತರೇ" ಎಂದಿತು. ಗುಮಾಸ್ತರು ವೃತ್ತಿಧರ್ಮಕ್ಕೆ ತಕ್ಕಂತೆ ಆ ಹತ್ತಿಯನ್ನು ಕಚೇರಿಯ ಹಿತ್ತಾಳೆ ತಕ್ಕಡಿಯಲ್ಲಿ ತೂಗಿ, ಅಷ್ಟೇ ತೂಕದ ಉಂಡೆಗಳನ್ನು ತಿಂಗಳಿಗಾಗುವಷ್ಟು ಮಾಡಿಟ್ಟುಕೊಂಡರು. ಆದರೆ ಒಂದು ಸಭೆಯಲ್ಲಿ, ಸಾಹೇಬರು ಪ್ರಾಮಾಣಿಕತೆಯ ಬಗ್ಗೆ ಮಾತಾಡುತ್ತಿದ್ದಾಗ, ಗುಮಾಸ್ತರಿಗೆ ಸೀನು ಬಂತು. ಹತ್ತಿಯ ಉಂಡೆ ಹಾರಿ ಹೋಗಿ ಸಾಹೇಬರ ಭಾಷಣದ ಮೇಲೆ ಕೂತಿತು.

ಮರುದಿನವೇ ಸುತ್ತೋಲೆ ಹೊರಟಿತು:

"ಹತ್ತಿ, ಬಟ್ಟೆ, ಹಣ್ಣು ಮುಂತಾದ ಪರಕೀಯ ವಸ್ತುಗಳನ್ನು ಬಾಯಲ್ಲಿಟ್ಟುಕೊಂಡು ತಾವು ತಾವೇ ಎಂದು ನಟಿಸುವುದು ಶಿಸ್ತುಕ್ರಮಕ್ಕೆ ಅರ್ಹವಾದ ಅಪರಾಧ. ಊತವು ಸ್ವಾಭಾವಿಕವಾಗಿರತಕ್ಕದ್ದು. ಊತಕ್ಕೆ ಕಾರಣವಾದ ಹಲ್ಲನ್ನು ಕಚೇರಿಯ ಉಪಕರಣವೆಂದು ಪರಿಗಣಿಸಲಾಗಿದ್ದು, ಅದನ್ನು ಪೂರ್ವಾನುಮತಿಯಿಲ್ಲದೆ ಕೀಳುವಂತಿಲ್ಲ, ತುಂಬಿಸುವಂತಿಲ್ಲ, ನೋವು ಶಮನ ಮಾಡುವಂತಿಲ್ಲ."

ಗುಮಾಸ್ತರು ಮಾತ್ರೆ ನಿಲ್ಲಿಸಿದರು. ಹಲ್ಲು ಕೂಡಲೇ ಸಹಕರಿಸಿತು. ಕೆನ್ನೆ ಮೊದಲಿನಂತೆ ಊದಿತು, ಯಂತ್ರ ಮೊದಲಿನಂತೆ ಸ್ವಾಗತಿಸಿತು, ಗುಮಾಸ್ತರ ಜೀವ ಮಾತ್ರ ಬಾಯಿಗೆ ಬಂತು. ಗಂಜಿ ಕುಡಿದು ಕಚೇರಿಗೆ ಹೋಗುವುದು, ಕೆನ್ನೆ ಹಿಡಿದುಕೊಂಡು ತಕ್ಕಡಿ ನೋಡುವುದು, ಬಂದು ಗೋಡೆಗೆ ಮುಖ ಮಾಡಿ ಮಲಗುವುದು. ಹಲ್ಲು ಕೀಳಿಸಲು ಅನುಮತಿ ಕೋರಿ ಅರ್ಜಿ ಹಾಕಿದರು. "ಸದರಿ ಹಲ್ಲಿನ ಸೇವೆ ತೃಪ್ತಿಕರವಾಗಿರುವುದರಿಂದ ಅದನ್ನು ಬಿಡುಗಡೆ ಮಾಡಲು ಬರುವುದಿಲ್ಲ," ಎಂಬ ಷರಾದೊಂದಿಗೆ ಅರ್ಜಿ ವಾಪಸಾಯಿತು.

ಒಂದು ಬೆಳಿಗ್ಗೆ ಅವರು ಗಂಜಿಯನ್ನೂ ನುಂಗಲಾರದೆ ಬಟ್ಟಲು ಕೆಳಗಿಟ್ಟಾಗ ಹೆಂಡತಿಯ ತಾಳ್ಮೆ ಮುಗಿಯಿತು. "ನಿಮ್ಮ ಆಫೀಸಿಗೆ ನಿಮ್ಮ ಹಲ್ಲು ಬೇಕು. ನನಗೆ ನೀವು ಬೇಕು. ಏಳಿ ಮೇಲೆ!" ಎಂದು ಕೈಹಿಡಿದು ಎಬ್ಬಿಸಿ ಹಲ್ಲಿನ ವೈದ್ಯರ ಬಳಿಗೆ ಎಳೆದುಕೊಂಡು ಹೋದಳು.

"ಡಾಕ್ಟ್ರೇ, ಹಲ್ಲು ಕಿತ್ತು ಊತ ಮಾತ್ರ ಉಳಿಸೋಕಾಗತ್ತಾ?" ಎಂದು ಗುಮಾಸ್ತರು ಕೇಳಿದರು.

"ನಾನು ಊತ ಇಳಿಸೋದು ಮಾತ್ರ ಓದಿದೀನಿ," ಎಂದ ವೈದ್ಯರು ಇಕ್ಕಳ ಎತ್ತಿಕೊಂಡರು.

ಆ ರಾತ್ರಿ ಗುಮಾಸ್ತರು ಮಗುವಿನ ಹಾಗೆ ನಿದ್ದೆ ಮಾಡಿದರು. ಊತ ಪೂರ್ತಿ ಇಳಿಯುವವರೆಗೆ ಮನೆಯಲ್ಲೇ ಇದ್ದು, ಏನಾದರಾಗಲಿ ಎಂದು ಗಟ್ಟಿ ಮನಸ್ಸು ಮಾಡಿ ಕಚೇರಿಗೆ ಹೋದರು. ಯಂತ್ರ "ಅಪರಿಚಿತ ವ್ಯಕ್ತಿ" ಎಂದಿತು. ಅದು ನಿರೀಕ್ಷಿತವೇ. ಆದರೆ ಬಾಗಿಲ ಕಾವಲುಗಾರ ಎದ್ದು ಬಂದು, "ಯಾರನ್ನ ನೋಡ್ಬೇಕಿತ್ತು? ಮುದ್ರೆ ಗುಮಾಸ್ತರು ಒಳಗೇ ಇದಾರೆ," ಎಂದ.

ಗುಮಾಸ್ತರು ಕಿಟಕಿಯಿಂದ ಇಣುಕಿದರು. ಅವರ ಕುರ್ಚಿಯಲ್ಲಿ, ಅವರ ಮೇಜಿನ ಮುಂದೆ, ಅವರ ಮುದ್ರೆಯನ್ನು ಹಿಡಿದುಕೊಂಡು ದಿನಸಿ ಅಂಗಡಿಯ ಯಜಮಾನರು ಕೂತಿದ್ದರು. ಅವರ ಎಡಗೆನ್ನೆ ಬನ್ನಿನಂತೆ ಊದಿಕೊಂಡಿತ್ತು.

ನಡೆದದ್ದು ಇಷ್ಟೇ. ಹಿಂದಿನ ದಿನ ದಿನಸಿಯವರು ಹಲ್ಲುನೋವಿದ್ದರೂ ಬಿಡದೆ ತಕ್ಕಡಿ ಹೊತ್ತು ತಂದಿದ್ದರು. ಯಂತ್ರ "ಸುಸ್ವಾಗತ, ಮುದ್ರೆ ಗುಮಾಸ್ತರೇ" ಎಂದು ಬಾಗಿಲು ತೆರೆದು ಹಾಜರಿ ಹಾಕಿತು. "ನಾನು ದಿನಸಿ ಅಂಗಡಿಯವನು," ಎಂದು ಅವರು ಹೇಳಿದ್ದು ಸುಳ್ಳಲ್ಲ. "ಅದು ನಿಮ್ಮ ಅಭಿಪ್ರಾಯ," ಎಂದು ಸಾಹೇಬರು ಕುರ್ಚಿ ತೋರಿಸಿದರು. ದಿನಸಿಯವರು ಸ್ವಲ್ಪ ಯೋಚಿಸಿ, ಸರ್ಕಾರಿ ಸೇವೆಯ ಕರೆಗೆ ಓಗೊಟ್ಟು ಕೂತರು. ಅವರು ಒತ್ತಿದ ಮೊದಲ ಮುದ್ರೆ ತಾವೇ ಹೊತ್ತು ತಂದ ತಕ್ಕಡಿಗೆ ಬಿತ್ತು.

"ಸರ್!" ಗುಮಾಸ್ತರು ಕಿಟಕಿಯ ಸರಳು ಹಿಡಿದು ಕೂಗಿದರು. "ಆ ತಟ್ಟೆ ಅಡಿಗೆ ಮೇಣ ಇದೆ ಸರ್! ಬೆರಳಿಟ್ಟು ನೋಡಿ ಸರ್!"

"ಮುದ್ರೆ ಬಿದ್ದಾಗಿದೆ," ಎಂದರು ಸಾಹೇಬರು ಸಮಾಧಾನದಿಂದ. "ಮುದ್ರೆ ಬಿದ್ದ ಮೇಲೆ ಮೇಣಾನೂ ತಕ್ಕಡೀದೇ ಭಾಗ."

ಗುಮಾಸ್ತರು ಹೊರಗಿನ ಸಂದರ್ಶಕರ ಬೆಂಚಿನ ಮೇಲೆ ಸಂಜೆಯವರೆಗೆ ಕೂತಿದ್ದರು. ಕೆಲಸ ಹೋದದ್ದಕ್ಕಿಂತ ಆ ಮುದ್ರೆ ಅಲ್ಲಿ ಬಿತ್ತಲ್ಲ ಎಂಬ ಸಂಕಟಕ್ಕೆ ಅವರಿಗೆ ಅಳು ಬಂತು. ಅತ್ತರು ಕೂಡ. ಕಚೇರಿ ಮುಚ್ಚುವ ಹೊತ್ತಿಗೆ ದಿನಸಿಯವರು ಹೊರಬಂದು ಪಕ್ಕದಲ್ಲಿ ಕೂತರು.

"ಸ್ವಾಮಿ, ನನ್ನ ಮೇಲೆ ಕೋಪ ಮಾಡ್ಕೋಬೇಡಿ. ನಾನು ಬೇಡ ಅಂದೆ, ಯಂತ್ರ ಕೇಳ್ಲಿಲ್ಲ. ಈಗ ನನಗೆ ಅಂಗಡಿ ನೋಡ್ಕೊಳ್ಳೋಕೆ ಪುರುಸೊತ್ತಿಲ್ಲ. ನೀವೂ ಸುಮ್ನೆ ಕೂತಿದೀರಿ. ಅಂಗಡೀಲಿ ಕೂತ್ಕೊಳ್ಳಿ, ನಿಮ್ಮ ಹಾಗೆ ನಂಬಿಕಸ್ತರು ನನಗೆ ಎಲ್ಲಿ ಸಿಗಬೇಕು?"

ಮನೆ ನಡೆಯಬೇಕಲ್ಲ. ಗುಮಾಸ್ತರು ಅಂಗಡಿಯಲ್ಲಿ ಕೂತರು. ಅಪರಿಚಿತ ವ್ಯಕ್ತಿಯೊಬ್ಬರಿಗೆ ಯಂತ್ರದ ಕೃಪೆಯಿಂದ ಉದ್ಯೋಗ ದೊರಕಿದ್ದನ್ನು ಕಚೇರಿ ತನ್ನ ವಾರ್ಷಿಕ ಸಾಧನೆಗಳಲ್ಲಿ ಸೇರಿಸಿಕೊಂಡಿತು. ಕಚೇರಿಯೇ ಒಪ್ಪಿದ ಮೇಲೆ ನಮ್ಮದೇನು? ಇನ್ನು ಮುಂದೆ ಈ ಕಥೆಯಲ್ಲೂ ಹಳೆಯ ಗುಮಾಸ್ತರನ್ನು ಅಂಗಡಿಯವರೆಂದೂ, ಹಳೆಯ ಅಂಗಡಿಯವರನ್ನು ಗುಮಾಸ್ತರೆಂದೂ ಕರೆಯಲಾಗುವುದು.

ಅಂಗಡಿಯವರು ಮೊದಲ ದಿನ ಮಾಡಿದ ಮೊದಲ ಕೆಲಸ, ತಟ್ಟೆಯ ಅಡಿಗೆ ಬೆರಳಾಡಿಸಿ ಮೇಣ ಕಿತ್ತೆಸೆದದ್ದು. ಮುದ್ರೆ ಹೋದರೂ ಕೈ ಹಳೆಯದೇ ಇತ್ತು. ತೂಕ ಸರಿಯಾಯಿತು, ಬೀದಿಯಲ್ಲಿ ಗುಸುಗುಸು ಶುರುವಾಯಿತು. "ಇಷ್ಟು ವರ್ಷ ಒಂದು ಕೇಜಿ ಬೇಳೆ ಈ ಡಬ್ಬೀಲಿ ಸರಿಯಾಗಿ ಹಿಡೀತಿತ್ತು. ಈಗ ಹೊರಗೆ ಚೆಲ್ತಾ ಇದೆ. ಏನೋ ಕಲಬೆರಕೆ ಇರ್ಬೇಕು," ಎಂದಳು ಪಕ್ಕದ ಬೀದಿಯ ಅಜ್ಜಿ. ದೂರು ಕಚೇರಿಗೆ ಹೋಯಿತು.

ಊದಿದ ಕೆನ್ನೆಯ ಮುದ್ರೆ ಗುಮಾಸ್ತರು ತಪಾಸಣೆಗೆ ಬಂದರು. ತಟ್ಟೆಯ ಅಡಿಗೆ ಬೆರಳಾಡಿಸಿದರು. ಅವರ ಮುಖ ಗಂಭೀರವಾಯಿತು.

"ಇಲ್ಲಿದ್ದ ಮೇಣ ಎಲ್ಲಿ?"

"ಕಿತ್ತು ಹಾಕಿದೆ ಸ್ವಾಮಿ. ತೂಕ ಸರಿ ಬರಲಿ ಅಂತ."

"ಮುದ್ರೆ ಬಿದ್ದ ತಕ್ಕಡೀನ ತಿದ್ದೋದು ಅಪರಾಧ ಅಂತ ನಿಮಗೆ ಯಾರೂ ಹೇಳ್ಲಿಲ್ವಾ?"

ಹೇಳುವುದೇನು, ಆ ನಿಯಮವನ್ನು ಅಂಗಡಿಯವರೇ ಹಿಂದೆ ನೂರಾರು ಜನರಿಗೆ ಹೇಳಿದ್ದರು. ದಂಡ ಕಟ್ಟಿದರು. ಗುಮಾಸ್ತರು ಜೇಬಿನಿಂದ ಹೊಸ ಮೇಣದ ಉಂಡೆ ತೆಗೆದು, ಹಳೆಯ ಜಾಗದಲ್ಲೇ ಅಂಟಿಸಿ, ತಕ್ಕಡಿಯನ್ನು ಮುದ್ರಿತ ಸ್ಥಿತಿಗೆ ತಂದರು. ಸಂಜೆ ಮನೆಯಲ್ಲಿ ಅಂಗಡಿಯವರು ಎದೆಯುಬ್ಬಿಸಲಿಲ್ಲ. ಹೆಂಡತಿ ಊಟ ಬಡಿಸಿದಳು. ಈಗ ಅವರು ಎರಡೂ ಕಡೆ ಅಗಿದು ತಿನ್ನುತ್ತಿದ್ದರು. ಅದನ್ನು ನೋಡಿ ಅವಳಿಗೆ ಸಮಾಧಾನ.

ಸುತ್ತೋಲೆ ಮಾತ್ರ ಜಾರಿಯಲ್ಲೇ ಇತ್ತು. ಮುದ್ರೆ ಗುಮಾಸ್ತರ ಹಲ್ಲು ಕಚೇರಿಯ ಉಪಕರಣ, ಅದನ್ನು ಕೀಳುವಂತಿಲ್ಲ. ಒಂದು ಬೆಳಿಗ್ಗೆ ಅವರು ಕಚೇರಿಗೆ ಹೋಗುವ ದಾರಿಯಲ್ಲಿ ಅಂಗಡಿಗೆ ಬಂದರು. ಕಣ್ಣು ಕೆಂಪಾಗಿತ್ತು. ಮಾತು ಅರ್ಧ ಬಾಯಿಂದ ಹೊರಡುತ್ತಿತ್ತು.

"ತಡ್ಕೊಳ್ಳಕ್ಕಾಗ್ತಿಲ್ಲ ಸ್ವಾಮಿ. ಹಲ್ಲಿಗೆ ಒತ್ತೋಕೆ ಐವತ್ತು ಗ್ರಾಂ ಲವಂಗ ಕೊಡಿ. ವಾರ ಪೂರ್ತಿ ಬರೋ ಹಾಗಿರ್ಲಿ."

ಅಂಗಡಿಯವರಿಗೆ ಆ ನೋವು ಗೊತ್ತಿತ್ತು. ಒಂದು ಹಿಡಿ ಹೆಚ್ಚಿಗೆ ಹಾಕೋಣವೆಂದು ಕೈ ಡಬ್ಬಿಯತ್ತ ಹೋಯಿತು. ಹೋದ ಕೈ ನಿಂತಿತು. ಲವಂಗವನ್ನು ತಟ್ಟೆಗೆ ಸುರಿದು, ತಕ್ಕಡಿಯ ಮುಳ್ಳು ನೆಟ್ಟಗೆ ನಿಂತ ಕೂಡಲೇ ಕೈ ತಡೆದು, ಪೊಟ್ಟಣ ಕಟ್ಟಿಕೊಟ್ಟರು.

ಗುಮಾಸ್ತರು ಪೊಟ್ಟಣವನ್ನು ಅಂಗೈಯಲ್ಲಿ ಆಡಿಸಿ ನೋಡಿದರು. "ಇಷ್ಟೇನಾ? ಇದು ಮೂರು ದಿನಕ್ಕೂ ಬರಲ್ಲ. ಕಡಿಮೆ ಇದೆ ಅನ್ಸತ್ತೆ?"

ಅಂಗಡಿಯವರು ತಕ್ಕಡಿಯನ್ನು ಅವರ ಕಡೆಗೆ ತಿರುಗಿಸಿದರು. "ಮುದ್ರೆ ಇದೆ ಸ್ವಾಮಿ."

ಗುಮಾಸ್ತರು ಬಗ್ಗಿ ಮುದ್ರೆಯನ್ನು ನೋಡಿದರು. ತಮ್ಮದೇ ಕೈಯಿಂದ ಬಿದ್ದದ್ದು. ಅದನ್ನು ಅಲ್ಲಗಳೆಯುವ ಅಧಿಕಾರ ಅವರಿಗೂ ಇರಲಿಲ್ಲ. "ಹಾಗಾದ್ರೆ ಸರಿಯಾಗೇ ಇದೆ ಬಿಡಿ," ಎಂದು ದುಡ್ಡು ಕೊಟ್ಟು, ಒಂದು ಲವಂಗವನ್ನು ದವಡೆಗೆ ಒತ್ತಿಕೊಂಡು, ಕೆನ್ನೆ ಹಿಡಿದು ಕಚೇರಿಯತ್ತ ನಡೆದರು.

ಯಂತ್ರ "ಸುಸ್ವಾಗತ, ಮುದ್ರೆ ಗುಮಾಸ್ತರೇ" ಎಂದಿತು. ಬಾಗಿಲು ತೆರೆಯಿತು. ಮೆಟ್ಟಿಲ ಬಳಿಯ ಪರದೆಯಲ್ಲಿ ಆ ದಿನದ ಸಲಹೆ ಮೂಡಿತ್ತು: "ಎಲ್ಲವೂ ಸರಿಯಾಗಿ ನಡೆಯುತ್ತಿರುವಾಗ ಯಾವುದನ್ನೂ ಮುಟ್ಟಬೇಡಿ."