ಗದ್ದ ಸ್ವಲ್ಪ ಮೇಲೆ

"ನಿಮ್ಮ ಮಗಳು ವಿಶೇಷ ಅಗತ್ಯವುಳ್ಳ ಮಗು," ಎಂದರು ಶಾಲೆಯ ಗೇಟಿನಲ್ಲಿ ಮಿಸ್, ದನಿ ತಗ್ಗಿಸಿ. "ಯಾರ ಮುಖಾನೂ ನೋಡಲ್ಲ, ಕೂತಲ್ಲಿ ಕೂರಲ್ಲ. ಮಧ್ಯಾಹ್ನ ತಜ್ಞೆ ಬರ್ತಾರೆ, ಕರ್ಕೊಂಡ್ಬನ್ನಿ."

ಮಿಸ್ ಇನ್ನೂ ಏನೋ ಹೇಳುತ್ತಿದ್ದರು. ಫೋಟೋ ಸ್ಟುಡಿಯೋದವನಿಗೆ ಅದು ಕಿವಿಗೆ ಬೀಳಲಿಲ್ಲ. ಮಗಳನ್ನು ಶಾಲೆಯಿಂದ ತೆಗೆಯಲು ಇದು ಪೀಠಿಕೆ ಎಂದುಕೊಂಡು, ಅವಳ ಕೈ ಹಿಡಿದು ಸ್ಟುಡಿಯೋಗೆ ಓಡಿಬಂದ.

ಅಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಬಂದು ಕುರ್ಚಿ ಹಾಕಿಕೊಂಡು ಕೂತಿತ್ತು.

"ಮುಖ ನೋಡಲ್ವಂತಾ? ದೃಷ್ಟಿದೋಷ ಕಣಯ್ಯ," ಎಂದ ಪಕ್ಕದ ಕನ್ನಡಕದಂಗಡಿಯವನು. "ಒಂದು ಕನ್ನಡಕ ಹಾಕ್ಸು."

"ನಿಮ್ಮ ತಲೆ!" ಮಹಡಿಯಿಂದ ಇಳಿದುಬಂದ ಅತ್ತಿಗೆ ಗದರಿದಳು. "ಏನಪ್ಪಾ, ಕಂಡೋರ ಮಕ್ಕಳನ್ನೆಲ್ಲ ನಗಿಸಿ ಫೋಟೋ ತೆಗೀತೀಯ. ನಿನ್ನ ಮಗಳನ್ನ ಆ ತಜ್ಞೆ ಮುಂದೆ ಅರ್ಧ ಗಂಟೆ ಕೂರಿಸೋಕಾಗಲ್ವಾ?"

ಮಾತು ನಾಟಿತು. ಅವನು ಮಗಳನ್ನು ಸ್ಟೂಲಿನ ಮೇಲೆ ಕೂರಿಸಿದ.

"ಪುಟ್ಟೀ, ಎದುರಿಗಿರೋರ ಹುಬ್ಬಿನ ಮಧ್ಯೆ ನೋಡು. ಕಣ್ಣು ನೋಡಿದ ಹಾಗೇ ಕಾಣತ್ತೆ. ಗದ್ದ ಸ್ವಲ್ಪ ಮೇಲೆ. ನಗು."

ಅವಳು ದೀಪಕ್ಕೆ ಹೆದರಿ ಪರದೆಯೊಳಗೆ ಸುತ್ತಿಕೊಂಡಳು. ಅತ್ತಿಗೆ ಬಿಡಿಸಿದಳು. ಕನ್ನಡಕದವನು ಬೇಡವೆಂದರೂ ಕೋತಿಯಂತೆ ಕುಣಿದು, ದೀಪದ ಕಂಬವನ್ನು ಬೀಳಿಸಿದ. ಮಧ್ಯಾಹ್ನದ ಹೊತ್ತಿಗೆ ಹುಡುಗಿ ಅಂಗಡಿಯ ಬೊಂಬೆಯಂತೆ ಅಲುಗದೆ ಕೂತಳು. ಅಪ್ಪ ಬೆವರಿನಲ್ಲಿ ತೊಯ್ದು ತೊಳೆದ ನೆಗೆಟಿವಿನಂತಾಗಿದ್ದ.

ಶಾಲೆಯಲ್ಲಿ ತಜ್ಞೆಯ ಎದುರು ಅವಳು ಅಚ್ಚುಕಟ್ಟಾಗಿ ನಡೆದುಕೊಂಡಳು. ಗದ್ದ ಮೇಲೆ, ನೋಟ ನೇರ, ನಗು ಹದ. ಮಿಸ್ ಕಣ್ಣುಜ್ಜಿಕೊಂಡರು.

"ಮಗುಗೆ ಏನೂ ತೊಂದರೆ ಇಲ್ಲ," ತಜ್ಞೆ ಎದ್ದರು. "ಬರೀ ಹಟ. ಇವಳ ಜೊತೆಗೇ ದಿನಾ ಕೂತು ಕಲಿಸೋಕೆ ಅಂತ ಒಬ್ಬ ಟೀಚರನ್ನ ಗೊತ್ತುಮಾಡಿದ್ವಿ. ಈಗ ಆ ಟೀಚರನ್ನ ಬೇರೆ ಶಾಲೆಗೆ ಕಳಿಸ್ತೀವಿ."

ಸ್ಟುಡಿಯೋದವನು ಅವರಿಗೆ ಅಡ್ಡ ಬಂದು ನಿಂತ. "ಅಯ್ಯೋ ಮೇಡಂ, ತೊಂದರೆ ಇದೆ! ಬೇಕಾದಷ್ಟಿದೆ! ಹೀಗೆ ಕೂರೋದನ್ನ ಬೆಳಿಗ್ಗೆಯಿಂದ ನಾನೇ ಕಲಿಸಿದ್ದು!"

"ಟೀಚರ್ ಸಿಗ್ತಾರೆ ಅಂದ ತಕ್ಷಣ ಎಲ್ಲ ಅಪ್ಪಂದಿರೂ ಹೀಗೇ ಹೇಳ್ತಾರೆ," ಎಂದು ನಕ್ಕು ತಜ್ಞೆ ಬ್ಯಾಗು ಎತ್ತಿಕೊಂಡರು.

ಬಾಗಿಲಲ್ಲಿ ಮಿಸ್ ಹುಡುಗಿಯ ಕೆನ್ನೆ ತಟ್ಟಿದರು. "ಕಳ್ಳಿ! ಬರತ್ತೆ ನಿಂಗೆ. ನಾಳೆಯಿಂದ ಹೀಗೇ ಇರ್ಬೇಕು."

ರಸ್ತೆಗೆ ಬಂದರೂ ಅವಳ ಮುಖದಿಂದ ನಗು ಇಳಿದಿರಲಿಲ್ಲ. ಬೆರಳುಗಳು ಮಾತ್ರ ಫ್ರಾಕಿನ ಅಂಚನ್ನು ಹಿಂಡುತ್ತಿದ್ದವು.

"ಅಪ್ಪಾ," ಎಂದಳು, ತುಟಿ ಅಲುಗದಂತೆ, "ದಿನಾ ಎಷ್ಟು ಹೊತ್ತು?"